ಚಿಕ್ಕವಳ ಸೌತೆ ಬಳ್ಳಿ

ಆ ಮನೆಯ ದೊಡ್ಡ ಸೊಸೆಗೆ ಆಸ್ತಿ ಅಂತ ಇದ್ದದ್ದು ಒಂದೇ, ಅವಳ ಕೈಗುಣ. ಓದು ಅರ್ಧಕ್ಕೆ ನಿಂತಿತ್ತು, ಹಾಡು ಬರುತ್ತಿರಲಿಲ್ಲ, ಮಾತಿನಲ್ಲಿ ಸಿಹಿಗಿಂತ ಖಾರವೇ ಒಂದು ಹಿಡಿ ಜಾಸ್ತಿ. ಆದರೆ ಅವಳು ಊರಿದ ಬೀಜ ಮೊಳೆಯದೆ ಉಳಿದದ್ದನ್ನು ಯಾರೂ ಕಂಡಿರಲಿಲ್ಲ. ಮೊಳೆಯದ ಬೀಜವನ್ನು ಅವಳು ಮನೆಯವರು ಏಳುವ ಮೊದಲೇ ಎದ್ದು ಕೆದಕಿ ತೆಗೆದು, ಆ ಜಾಗಕ್ಕೆ ಬೇರೆ ಬೀಜ ಹಾಕುತ್ತಿದ್ದಳು ಅನ್ನುವುದು ಬೇರೆ ಮಾತು. ಹೆಸರು ಅಂದಮೇಲೆ ಅದನ್ನು ಕಾಪಾಡಿಕೊಳ್ಳುವುದೂ ಒಂದು ಕೆಲಸವೇ.

ಚಳಿ ಕಳೆದು ಬಿಸಿಲಿಗೆ ಹದ ಬಂತೆಂದರೆ ಹಿತ್ತಲಿನ ಎಲ್ಲ ಪಾತಿಗಳಿಗೂ ಮೊದಲ ಬೀಜ ಅವಳ ಕೈಯಿಂದಲೇ ಬೀಳಬೇಕು. ಇದು ಅತ್ತೆ ಮಾಡಿದ ಕಾನೂನು. ಬೀದಿಯ ನಾಲ್ಕಾರು ಮನೆಯವರೂ ಅವಳನ್ನು ಕರೆದು "ಒಂದು ಕಾಳು ನಿಮ್ಮ ಕೈಯಲ್ಲೇ ಹಾಕಿಬಿಡಿ" ಅನ್ನುತ್ತಿದ್ದರು. ಎದುರುಮನೆಯ ಬೇಕರಿಯಾಕೆಯಂತೂ ಬೀಜ ಹಾಕಿಸಿಕೊಂಡು ಬಿಸಿ ಬ್ರೆಡ್ಡು ಕೊಟ್ಟು ಕಳಿಸುತ್ತಿದ್ದಳು. ಆ ದಿನಗಳಲ್ಲಿ ದೊಡ್ಡವಳ ನಡಿಗೆಯೇ ಬೇರೆಯಾಗಿರುತ್ತಿತ್ತು.

ಅವಳ ಹೊಟ್ಟೆಪಾಡು ಡ್ರೈ ಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ. ಮಂದಿಯ ಪ್ಯಾಂಟು ಮೋಟು ಮಾಡುವುದು, ಕೋಟಿನ ಹರಿದ ಅಸ್ತರಿ ಬದಲಿಸುವುದು, ಕಿತ್ತ ಜಿಪ್ಪು ಕೂರಿಸುವುದು. ಆ ಕೆಲಸದ ಹಣೆಬರಹ ಏನೆಂದರೆ, ಚೆನ್ನಾಗಿ ಹೊಲಿದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ, ಕೆಟ್ಟದಾಗಿ ಹೊಲಿದದ್ದು ಎಲ್ಲರ ಕಣ್ಣಿಗೂ ಬೀಳುತ್ತದೆ. ಹೀಗಾಗಿ ವರ್ಷಕ್ಕಾಗುವಷ್ಟು ಹೊಗಳಿಕೆಯನ್ನು ಅವಳು ಹಿತ್ತಲಿನಲ್ಲೇ ದುಡಿದುಕೊಳ್ಳಬೇಕಾಗಿತ್ತು.

ಅಂಥ ಮನೆಗೆ ಹೋದ ವರ್ಷ ಚಿಕ್ಕ ಸೊಸೆ ಬಂದಳು.

ಚಿಕ್ಕವಳು ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಬಂದವರ ಮೂಗಿಗೆ, ಕಿವಿಗೆ ಸರಿಯಾಗಿ ಫ್ರೇಮು ಕೂರಿಸಿ, ಕನ್ನಡಿ ಹಿಡಿದು, "ಎಷ್ಟು ಒಪ್ಪುತ್ತೆ ನೋಡಿ ನಿಮಗೆ!" ಎಂದು ನಗುವುದೇ ದಿನವೆಲ್ಲ ಅವಳ ಉದ್ಯೋಗ. ಆ ನಗುವನ್ನು ಸಂಜೆ ಅಂಗಡಿಯಲ್ಲೇ ಬಿಟ್ಟು ಬರುವ ಬುದ್ಧಿ ಅವಳಿಗಿರಲಿಲ್ಲ. ಮನೆಗೆ ಬಂದೂ ನಗುವವಳೇ. "ಅಕ್ಕಾ" ಎಂದು ರಾಗ ಎಳೆದು ಕರೆಯುವವಳೇ. ಮಣ್ಣು ಮುಟ್ಟಿ ಗೊತ್ತಿಲ್ಲ, ಕಳೆಗೂ ಸಸಿಗೂ ವ್ಯತ್ಯಾಸ ತಿಳಿಯದು. ಹೋದ ವರ್ಷ ಮೂಲಂಗಿಯ ಸಸಿಗಳನ್ನೆಲ್ಲ ಕಳೆ ಅಂದುಕೊಂಡು ಕಿತ್ತು ಗುಡ್ಡೆ ಹಾಕಿದ್ದಳು. ಆಗ ದೊಡ್ಡವಳಿಗೆ ಅವಳ ಮೇಲೆ ಎಲ್ಲಿಲ್ಲದ ಪ್ರೀತಿ ಉಕ್ಕಿತ್ತು. ಏನೂ ಬಾರದವರನ್ನು ಪ್ರೀತಿಸುವುದು ಸುಲಭ.

ಈ ಸಲ ಪಾತಿ ಅಗೆಯುವ ದಿನ ಅತ್ತೆ ಹಿತ್ತಲ ಮೆಟ್ಟಿಲ ಮೇಲೆ ಕೂತು, ಕಾಲು ನೀಡಿಕೊಂಡು ಬಾಂಬು ಹಾಕಿದರು.

"ಸೌತೆ ಪಾತೀಲಿ ಅರ್ಧ ಚಿಕ್ಕೋಳಿಗೆ ಕೊಡು. ಅವಳ ಕೈನೂ ಹೆಂಗಿದೆ ನೋಡೋಣ. ಬೀನ್ಸ್ ಹಾಕೋ ಹೊತ್ತಿಗೆ ತೀರ್ಮಾನ ಮಾಡ್ತೀನಿ. ಯಾರ ಸೌತೆ ಚೆನ್ನಾಗಿ ಬರುತ್ತೋ, ಇನ್ಮೇಲೆ ಮೊದಲ ಬೀಜ ಅವರದ್ದೇ."

ಅತ್ತೆ ರೈಲ್ವೆ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂದಲು ಬೆಳ್ಳಗಾಗುವವರೆಗೆ ಕೂತು ನಿವೃತ್ತರಾದವರು. ಅವರ ಮಾತಿಗೆ ಎದುರು ಮಾತಿಲ್ಲ, ಕಿಟಕಿ ಮುಚ್ಚಿದರೆ ಮುಚ್ಚಿದ್ದೇ. ಆದರೂ ಸಾಲಿನಲ್ಲಿ ಮೊದಲು ನಿಂತವರಿಗೆ ಮೊದಲು ಕೊಡಬೇಕು ಅನ್ನುವ ಕೌಂಟರಿನ ನ್ಯಾಯವಾದರೂ ಬೇಡವೇ ಎಂದು ದೊಡ್ಡವಳು ಒಳಗೇ ಗೊಣಗಿಕೊಂಡಳು.

"ಕೊಡ್ತೀನಿ ಬಿಡಿ ಅತ್ತೆ, ನಂಗೂ ಒಂದು ಕೆಲಸ ಕಮ್ಮಿ ಆಯ್ತು," ಅಂದಳು ಹಲ್ಲು ಕಿರಿದು. ಅಂದಮೇಲೆ ಗುದ್ದಲಿಯನ್ನು ಮಣ್ಣಿಗೆ ಇಳಿಸಿದ ರಭಸಕ್ಕೆ ಎರೆಹುಳುಗಳೆಲ್ಲ ಊರು ಬಿಟ್ಟಿರಬೇಕು.

ಚಿಕ್ಕವಳು ಬೀಜ ಹಾಕಿದ ಚಂದವನ್ನು ಏನು ಹೇಳುವುದು! ಬೆರಳು ಪೂರ್ತಿ ಇಳಿಯುವಷ್ಟು ಆಳ. ನೀರು ಹಾಕುವುದು ಉರಿಬಿಸಿಲಲ್ಲಿ. ಸಾಲದ್ದಕ್ಕೆ ದಿನಾ ಬೆಳಗ್ಗೆ ಪಾತಿಯ ಮುಂದೆ ಕುಕ್ಕರುಗಾಲಲ್ಲಿ ಕೂತು, "ಏಳ್ರೋ ಮರೀ, ಹೊತ್ತಾಯ್ತು" ಎಂದು ಮಣ್ಣಿನ ಜೊತೆ ಮಾತು. ದೊಡ್ಡವಳು ಅಡಿಗೆಮನೆ ಕಿಟಕಿಯಿಂದ ನೋಡಿ ಮೂಗು ಮುರಿದಳು. ಏಳುತ್ತವೆ, ಏಳುತ್ತವೆ, ಮುಂದಿನ ಜನ್ಮಕ್ಕೆ ಏಳುತ್ತವೆ ಎಂದು ಸಮಾಧಾನವನ್ನೂ ಮಾಡಿಕೊಂಡಳು.

ಎದ್ದವು. ದೊಡ್ಡವಳ ಬೀಜಗಳಿಗಿಂತ ಮೊದಲೇ ಎದ್ದವು. ಒಂದೂ ತಪ್ಪದೆ ಎಲ್ಲವೂ ಎದ್ದು, ಜೋಡಿ ಎಲೆ ಬಿಚ್ಚಿ, ಕಿಟಕಿಯ ಕಡೆಗೇ ಮುಖ ಮಾಡಿ ನಿಂತವು.

ಅಲ್ಲಿಂದ ದೊಡ್ಡವಳ ವಸಂತ ಕೆಟ್ಟಿತು. ಬೇರೆ ವರ್ಷಗಳಲ್ಲಿ ಈ ಹೊತ್ತು ಅವಳ ಪಾಲಿಗೆ ಸ್ವರ್ಗ. ಬೆಳಗ್ಗೆ ಟೀ ಲೋಟ ಹಿಡಿದು ಬರಿಗಾಲಲ್ಲಿ ಒದ್ದೆ ಮಣ್ಣಿಗೆ ಇಳಿಯುವುದು, ಟೊಮೇಟೊ ಸಸಿಯ ಎಲೆ ಸವರಿ ಬೆರಳು ಮೂಸುವುದು, ಮೊದಲ ಮೂಲಂಗಿಯನ್ನು ಕಿತ್ತು ಸೆರಗಿನಂಚಿಗೇ ಒರೆಸಿ ಅಲ್ಲೇ ಕಚ್ಚುವುದು, ಬೆನ್ನಿಗೆ ಎಳೆಬಿಸಿಲು ಬಿದ್ದಾಗ ಯಾರೋ ಬೆಚ್ಚಗಿನ ಕೈ ಇಟ್ಟಂತಾಗುವುದು. ಈಗ ಮೂಲಂಗಿ ಕಿತ್ತರೂ ಕಣ್ಣು ಪಕ್ಕದ ಪಾತಿಯ ಮೇಲೆ. ಬಟಾಣಿ ಹೂ ಬಿಟ್ಟದ್ದನ್ನು ಅವಳು ಎರಡು ದಿನ ಗಮನಿಸಲೇ ಇಲ್ಲ. ಪಾಪ, ಬಟಾಣಿ ಏನು ತಪ್ಪು ಮಾಡಿತ್ತು?

ಸೌತೆಗೆ ಇಬ್ಬರದ್ದೂ ಸೇರಿ ಒಂದೇ ಚಪ್ಪರ. ಈ ಕಡೆಯಿಂದ ದೊಡ್ಡವಳ ಬಳ್ಳಿ, ಆ ಕಡೆಯಿಂದ ಚಿಕ್ಕವಳದ್ದು. ಒಂದು ದಿನ ಮಧ್ಯಾಹ್ನ ಊಟಕ್ಕೆ ಬಂದವಳು ನೋಡುತ್ತಾಳೆ, ಚಿಕ್ಕವಳ ಬಳ್ಳಿ ಚಪ್ಪರದ ನೆತ್ತಿ ದಾಟಿ ಈ ಕಡೆಗೆ ಇಳಿದಿದೆ. ಇಳಿದದ್ದಲ್ಲದೆ ತನ್ನ ಬಳ್ಳಿಯ ಕೊರಳಿಗೇ ಎಳೆ ಸುತ್ತಿ ಹಿಡಿದುಕೊಂಡಿದೆ. ತಾನು ವರ್ಷಗಟ್ಟಲೆ ಗೊಬ್ಬರ ಹೊತ್ತ ಮಣ್ಣು, ತಾನು ಕಟ್ಟಿದ ಚಪ್ಪರ, ಈಗ ಕೊರಳೂ ಬೇಕೇ ಇದಕ್ಕೆ? ಅತ್ತೆ ಒಳಗೆ ಮಲಗಿದ್ದರು. ಚಿಕ್ಕವಳು ಅಂಗಡಿಯಲ್ಲಿ ಯಾರದ್ದೋ ಮೂಗು ಹೊಗಳುತ್ತಿದ್ದಳು. ದಾರ ಕತ್ತರಿಸುವ ಪುಟ್ಟ ಕತ್ತರಿ ಏಪ್ರನ್ನಿನ ಜೇಬಿನಲ್ಲೇ ಇತ್ತು.

ಕಚಕ್. ಒಂದು ಕುಡಿ ಹೋಯಿತು. ಒಂದೇ ಸಾಕಿತ್ತು, ಆದರೆ ಕೈ ನಿಲ್ಲಲಿಲ್ಲ. ಆ ಕಡೆಯ ಬಳ್ಳಿಗಳ ಕುಡಿಗಳನ್ನೆಲ್ಲ ಒಂದೊಂದಾಗಿ ಕತ್ತರಿಸಿ, ಗೊಬ್ಬರದ ಗುಂಡಿಗೆ ಎಸೆದು, ಮೇಲೆ ಒಣ ಎಲೆ ಮುಚ್ಚಿ, ಕೈ ತೊಳೆದು, ಊಟವನ್ನೂ ಮಾಡದೆ ಕೆಲಸಕ್ಕೆ ಹೋದಳು. ಆ ಮಧ್ಯಾಹ್ನ ಒಬ್ಬರ ಪ್ಯಾಂಟಿನ ಒಂದು ಕಾಲು ಮೊಣಕಾಲಿನವರೆಗೆ ಮೋಟಾಯಿತು.

ಸಂಜೆ ಚಿಕ್ಕವಳು ಹಿತ್ತಲಿನಿಂದ ಕೂಗಿಕೊಂಡಳು. "ಅಯ್ಯೋ ಅಕ್ಕಾ, ಇಲ್ಲಿ ಬನ್ನಿ! ನನ್ನ ಬಳ್ಳಿ ತಲೆಯೆಲ್ಲ ಹೋಗಿದೆ!"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಯಾರು ಮಾಡಿದ್ದು ಎಂದು ಅವಳು ಕೇಳುವ ಮೊದಲೇ ದೊಡ್ಡವಳು, "ಹುಳ ಕಣೇ, ಹುಳ! ಈ ಸಲ ಹುಳ ವಿಪರೀತ!" ಅಂದಳು.

"ಹುಳ ಇಷ್ಟು ನೀಟಾಗಿ ಕಡಿಯುತ್ತಾ ಅಕ್ಕಾ?"

ಕಣ್ಣೊರೆಸಿಕೊಂಡು ಅವಳು ಅತ್ತೆಯ ಕೋಣೆಗೆ ಹೋದಳು. ದೊಡ್ಡವಳು ಒಲೆಯ ಮುಂದೆ ಕಿವಿಯನ್ನೆಲ್ಲ ಗೋಡೆಗೆ ಕೊಟ್ಟು ನಿಂತಳು, ಏನೂ ಕೇಳಿಸಲಿಲ್ಲ. ಸ್ವಲ್ಪ ಹೊತ್ತಿಗೆ ಚಿಕ್ಕವಳು ಹೊರಗೆ ಬಂದಳು. ಅಳು ನಿಂತಿತ್ತು, ಮುಖದಲ್ಲಿ ನಗುವೇ ಇತ್ತು. ಕುಡಿಯ ಸುದ್ದಿಯನ್ನು ಆಮೇಲೆ ಆ ಮನೆಯಲ್ಲಿ ಯಾರೂ ಎತ್ತಲಿಲ್ಲ. ಬೈದಿದ್ದರೆ ದೊಡ್ಡವಳು ತಿರುಗಿ ಬೈದು ಹಗುರಾಗುತ್ತಿದ್ದಳು. ಬೈಯದೆ ಬಿಟ್ಟದ್ದೇ ಒಳಗೆ ಮುಳ್ಳಾಗಿ ಕೂತಿತು.

ಸ್ವಲ್ಪ ದಿನ ಬಳ್ಳಿ ಮಂಕಾಗಿತ್ತು. ದೊಡ್ಡವಳಿಗೆ ಊಟ ರುಚಿಸತೊಡಗಿತು. ಆಮೇಲೆ ನೋಡಿ ಆದದ್ದು. ತಲೆ ಹೋದ ಬಳ್ಳಿಗಳು ಪಕ್ಕಪಕ್ಕದಲ್ಲಿ ಕವಲೊಡೆದವು. ಎಲೆಗೊಂದು ಕವಲು, ಕವಲಿಗೆ ಹತ್ತಾರು ಹೂವು, ಹೂವಿನ ಹಿಂದೆ ಕಿರುಬೆರಳಿನಷ್ಟು ಮಿಡಿ. ಆ ಕಡೆಯ ಚಪ್ಪರದಲ್ಲಿ ಕೈ ಹಾಕಿದಲ್ಲೆಲ್ಲ ಸೌತೆಕಾಯಿ. ಈ ಕಡೆ ದೊಡ್ಡವಳ ಬಳ್ಳಿಗಳು ಕುಡಿ ನೆಟ್ಟಗಿಟ್ಟುಕೊಂಡು, ಆಕಾಶ ನೋಡಿಕೊಂಡು, ಅಲ್ಲೊಂದು ಇಲ್ಲೊಂದು ಕಾಯಿ ಬಿಟ್ಟು ಸುಮ್ಮನಿದ್ದವು.

ಬೀದಿಗೆ ಸುದ್ದಿ ಹೋಗಲು ಎಷ್ಟು ಹೊತ್ತು? ಬೇಕರಿಯಾಕೆ ಒಂದು ದಿನ ಗೇಟಿನ ಹತ್ತಿರ ನಿಂತು ಕರೆದಳು. ದೊಡ್ಡವಳು ಕೈ ಒರೆಸಿಕೊಂಡು ಹೊರಟೇಬಿಟ್ಟಿದ್ದಳು. "ನೀವಲ್ಲ, ಚಿಕ್ಕೋರು ಇಲ್ವಾ? ಬದನೆ ಬೀಜ ಹಾಕಿಸ್ಬೇಕಿತ್ತು," ಅಂದಳು ಆಕೆ. ಆ ರಾತ್ರಿ ಊಟಕ್ಕೆ ಬೇಕರಿಯ ಬ್ರೆಡ್ಡಿತ್ತು. ಗಂಡಂದಿರಿಬ್ಬರೂ ಬೆಣ್ಣೆ ಸವರಿ ಸವರಿ ತಿಂದರು. ಅವರಿಗೇನು, ಬ್ರೆಡ್ಡು ಯಾರ ಕೈಗುಣದ್ದಾದರೂ ಬ್ರೆಡ್ಡೇ. ದೊಡ್ಡವಳು ಹಸಿವಿಲ್ಲ ಅಂದಳು.

ಇದೆಲ್ಲಕ್ಕಿಂತ ಘೋರವಾದದ್ದು ಇನ್ನೊಂದಿದೆ. ಚಿಕ್ಕವಳು ತನ್ನ ಮೊದಲ ಸೌತೆಕಾಯಿಯನ್ನು ಕಿತ್ತು ತಂದು ದೊಡ್ಡವಳಿಗೇ ಕೊಟ್ಟಳು. "ಮಣ್ಣು ನಿಮ್ಮದು ಅಕ್ಕಾ, ನೀವೇ ತಿನ್ನಬೇಕು." ದೊಡ್ಡವಳು ಕಹಿಯಿರಲಿ ದೇವರೇ ಎಂದು ಬೇಡಿಕೊಂಡು ಕಚ್ಚಿದಳು. ಕಾಯಿ ಸಿಹಿಯಾಗಿತ್ತು.

ಮುಂದಿನ ಭಾನುವಾರ ಊರಿನ ಜಪಾನಿ ತೋಟ ನೋಡಲು ಹೋಗೋಣ ಎಂದು ಮಾತು ಎತ್ತಿದವಳೂ ಚಿಕ್ಕವಳೇ. ವಸಂತದಲ್ಲಿ ಅದನ್ನು ನೋಡದಿದ್ದರೆ ಕಣ್ಣಿದ್ದೂ ವ್ಯರ್ಥವಂತೆ, ಅಂಗಡಿಗೆ ಬಂದವರೆಲ್ಲ ಹೇಳುತ್ತಿದ್ದರಂತೆ. ಅತ್ತೆ ಒಪ್ಪಿದರು. "ಬೀನ್ಸ್ ವಿಷಯಾನೂ ಅಲ್ಲೇ ಹೇಳಿಬಿಡ್ತೀನಿ," ಅಂದರು. ಗಂಡಂದಿರು ಟೀವಿಯಲ್ಲಿ ಪಂದ್ಯ ಇದೆ ಎಂದು ತಪ್ಪಿಸಿಕೊಂಡರು. ಮೂವರೂ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದರು. ತೀರ್ಪು ಏನೆಂದು ಗೊತ್ತಿದ್ದೂ ದೊಡ್ಡವಳು ಹೊರಟದ್ದು ಯಾಕೆಂದರೆ, ಹೋಗದಿದ್ದರೆ ಅವರಿಬ್ಬರೇ ಹೋಗುತ್ತಿದ್ದರು.

ತೋಟದ ಬಾಗಿಲು ಗಿಡ್ಡ, ತಲೆ ಬಗ್ಗಿಸಿಯೇ ಒಳಗೆ ಹೋಗಬೇಕು. ಒಳಗೆ ಎಲ್ಲೆಲ್ಲೂ ಪಿಸುಮಾತು. ಕೊಳದ ಮೇಲೆ ಬಾಗಿದ ಮರದ ಸೇತುವೆ, ಅದರಡಿ ಕಿತ್ತಳೆ ಬಿಳಿ ಮೀನುಗಳು, ಕಲ್ಲಿನ ದೀಪಕಂಬ, ಬಂಡೆಗಳ ಬುಡಕ್ಕೆ ಹಸಿರು ಪಾಚಿ. ಚಪ್ಪರದಿಂದ ನೇರಳೆ ಹೂವಿನ ಗೊಂಚಲುಗಳು ಮಂದಿಯ ತಲೆಗೆ ತಾಗುವಷ್ಟು ಇಳಿಬಿದ್ದಿದ್ದವು. ಒಂದು ಕಡೆ ಅಂಗಳದಷ್ಟು ಜಾಗದಲ್ಲಿ ಬರಿಯ ಬಿಳಿ ಜಲ್ಲಿ ಹರಡಿ, ಕುಂಟೆಯಿಂದ ಗೆರೆ ಎಳೆದಿದ್ದರು.

"ಇಷ್ಟು ಜಾಗದಲ್ಲಿ ಒಂದು ಬದನೆ ಗಿಡಾನೂ ಇಲ್ವಲ್ಲೇ!" ಅಂದರು ಅತ್ತೆ. "ಕಲ್ಲು ಬಿತ್ತಿದ್ದಾರೆ."

ಚಿಕ್ಕವಳು ಕಿಲಕಿಲ ನಕ್ಕಳು. ದೊಡ್ಡವಳಿಗೆ ನಗು ಬರಲಿಲ್ಲ. ಹೊಲಿಗೆಯವಳ ಕಣ್ಣು ಅದು, ಎಲ್ಲಿ ಹೋದರೂ ಮೊದಲು ತಪ್ಪು ಹೊಲಿಗೆ ಹುಡುಕುತ್ತದೆ. ಜಲ್ಲಿಯ ಗೆರೆ ಎಲ್ಲಾದರೂ ಸೊಟ್ಟಗಿದೆಯೇ ನೋಡಿದಳು, ಇರಲಿಲ್ಲ. ಬಂಡೆಯ ಸುತ್ತ ಗೆರೆ ತಿರುಗುವಲ್ಲಾದರೂ ಜೋಡಣೆ ತಪ್ಪಿದೆಯೇ ನೋಡಿದಳು, ತಪ್ಪಿರಲಿಲ್ಲ. ಪಾಚಿಯ ಮೇಲೆ ಒಂದು ಒಣ ಎಲೆ ಸಿಕ್ಕಿದ್ದರೂ ಅವಳಿಗೆ ಸಮಾಧಾನವಾಗುತ್ತಿತ್ತು. ಇದನ್ನು ಮಾಡಿದವನು ಯಾರೋ, ಮುಖ ಕಂಡಿಲ್ಲ, ಹೆಸರು ಗೊತ್ತಿಲ್ಲ, ಅವನ ಮೇಲೂ ಅವಳ ಹೊಟ್ಟೆ ಉರಿಯಿತು. ಅವನ ಪಕ್ಕದಲ್ಲಿ ಓರಗಿತ್ತಿಯೊಬ್ಬಳು ಇರಲಿಲ್ಲವಲ್ಲ, ಮಾಡಿದ, ಬಿಡು ಅಂದುಕೊಂಡಳು.

ಕೊಳದ ದಂಡೆಯ ಬೆಂಚಿನಲ್ಲಿ ಕೂತು ಬುತ್ತಿ ಬಿಚ್ಚುವಾಗ ಅತ್ತೆ ಗಂಟಲು ಸರಿಮಾಡಿಕೊಂಡರು.

"ನಾಳೆ ಬೀನ್ಸ್ ಹಾಕೋದು. ಮೊದಲ ಬೀಜ ಚಿಕ್ಕೋಳು ಹಾಕ್ಲಿ. ಕಣ್ಣಿಗೆ ಕಾಣ್ತಿರೋದನ್ನ ಇಲ್ಲ ಅನ್ನಕ್ಕಾಗಲ್ಲ."

ಮುಗಿಯಿತು. ದೊಡ್ಡವಳಿಗೆ ಗೊತ್ತಿದ್ದ ಮಾತೇ. ಇನ್ನು ಮೇಲೆ ತಾನು ಈ ಮನೆಯಲ್ಲಿ ಯಾರು? ಪ್ಯಾಂಟು ಮೋಟು ಮಾಡುವವಳು, ಅಷ್ಟೇ.

ಎದುರುಗಡೆ ಒಂದು ಹಳೆಯ ಪೈನ್ ಮರ. ಏಣಿಯ ಮೇಲೆ ನಿಂತ ಮಾಲಿಯೊಬ್ಬ ಅದರ ಎಳೆಯ ಚಿಗುರುಗಳನ್ನು ಒಂದೊಂದಾಗಿ ಬೆರಳಿನಿಂದ ಮುರಿದು ಕೆಳಗೆ ಹಾಕುತ್ತಿದ್ದ. ಚಿಕ್ಕವಳು ಅದನ್ನು ನೋಡಿ ಅತ್ತೆಯ ತೋಳು ಹಿಡಿದು ಅಲುಗಿಸಿದಳು.

"ಅತ್ತೇ, ನೋಡಿ ನೋಡಿ! ನೀವು ನನ್ನ ಸೌತೆಗೆ ಮಾಡಿದ್ದನ್ನೇ ಅವರೂ ಮಾಡ್ತಿದ್ದಾರೆ! ಮೊದಲ ಬೀಜ ನಂಗ್ಯಾಕೆ ಅತ್ತೆ? ನಂದೇನಿದೆ ಅದ್ರಲ್ಲಿ? ಎಲ್ಲ ನಿಮ್ಮದೇ ಕೈ." ಆಮೇಲೆ ದೊಡ್ಡವಳ ಕಡೆ ತಿರುಗಿದಳು. "ನಿಮಗೆ ಗೊತ್ತಿಲ್ಲ ಅಲ್ವಾ ಅಕ್ಕಾ? ಅವತ್ತು ಕುಡಿ ಹೋಯ್ತು ಅಂತ ಕಣ್ಣೀರು ಹಾಕಿದ್ನಲ್ಲ, ಅದು ಅತ್ತೆನೇ ಕತ್ತರಿಸಿದ್ದಂತೆ. ಸುಮ್ನಿರು, ಒಳ್ಳೇದಾಗುತ್ತೆ ಅಂದ್ರು. ಕವಲೊಡೆದು ಎಷ್ಟು ಕಾಯಿ ಬಿಡ್ತು ನೋಡಿ! ನಿಮಗೆ ಬೇಜಾರಾಗುತ್ತೆ, ಹೇಳ್ಬೇಡ ಅಂದಿದ್ರು."

ಅತ್ತೆ ಕೊಳದ ಮೀನು ನೋಡುತ್ತಿದ್ದರು. ಇಲ್ಲ ಅನ್ನಲಿಲ್ಲ.

ದೊಡ್ಡವಳ ತಲೆಯಲ್ಲಿ ಎಲ್ಲವೂ ಒಮ್ಮೆಗೇ ಸುತ್ತಿತು. ಹಾಗಾದರೆ ಆ ಕಾಯಿಗಳೆಲ್ಲ ತಾನು ಕುಡಿ ಕತ್ತರಿಸಿದ್ದರಿಂದ ಬಂದವು! ಆ ಹೊಗಳಿಕೆ, ಆ ಬ್ರೆಡ್ಡು, ಎಲ್ಲ ತನ್ನ ಕತ್ತರಿಯ ಫಲ! ಹೆಸರು ಚಿಕ್ಕವಳಿಗೆ ಹೋಯಿತು, ಈಗ ಅವಳು ಅದನ್ನು ಎತ್ತಿ ಅತ್ತೆಗೆ ಕೊಡುತ್ತಿದ್ದಾಳೆ, ಅತ್ತೆ ಬೆಕ್ಕು ಹಾಲು ಕುಡಿದ ಹಾಗೆ ಕೂತಿದ್ದಾರೆ. ನಾಚಿಕೆ, ಭಯ ಯಾವುದೂ ಆಗ ಅವಳ ಹತ್ತಿರ ಸುಳಿಯಲಿಲ್ಲ. ಹೊಟ್ಟೆಕಿಚ್ಚೊಂದೇ ನಾಲಿಗೆಯವರೆಗೆ ಎದ್ದು ಬಂತು.

"ಅತ್ತೆ ಅಲ್ಲ! ನಾನು! ಆ ಕುಡಿ ಕತ್ತರಿಸಿದ್ದು ನಾನು ಕಣೇ!"

ಪಿಸುಮಾತಿನ ತೋಟದಲ್ಲಿ ಅವಳ ದನಿ ಕೊಳದ ಆಚೆ ದಡ ಮುಟ್ಟಿತು. ಏಣಿಯ ಮೇಲಿನವನು ತಿರುಗಿ ನೋಡಿದ. ಅಂದಮೇಲೆ ಅವಳಿಗೆ ತಾನೇನು ಅಂದೆ ಎಂದು ತಿಳಿಯಿತು. ಆಡಿದ ಮಾತು ವಾಪಸ್ ಬರುತ್ತದೆಯೇ?

ಚಿಕ್ಕವಳು ಬಾಯಿ ತೆರೆದು ಅವಳನ್ನೇ ನೋಡಿದಳು. ಅವಳ ಕಣ್ಣು ತುಂಬಿ ಬಂತು.

"ನೀವಾ ಅಕ್ಕಾ? ನಂಗೋಸ್ಕರನಾ?"

ಇಲ್ಲ ಅನ್ನಲು ಒಂದು ಉಸಿರಿನಷ್ಟು ಹೊತ್ತಿತ್ತು. ಆ ಉಸಿರನ್ನು ದೊಡ್ಡವಳು ನುಂಗಿಕೊಂಡಳು.

"ಹೂಂ," ಅಂದಳು.

ಚಿಕ್ಕವಳು ಅವಳ ಎರಡೂ ಕೈ ಹಿಡಿದುಕೊಂಡುಬಿಟ್ಟಳು. "ನಾನು ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ ಅಕ್ಕಾ. ನನ್ನ ಕಂಡ್ರೆ ನಿಮಗಾಗಲ್ಲ ಅಂತ ಅಂದ್ಕೊಂಡಿದ್ದೆ. ಎಷ್ಟು ಸಲ ಹಾಗೆ ಅಂದ್ಕೊಂಡಿದ್ದೀನಿ ಗೊತ್ತಾ? ಕ್ಷಮಿಸಿಬಿಡಿ. ಅತ್ತೇ, ಮೊದಲ ಬೀಜ ಅಕ್ಕಂದೇ. ನಂಗೆ ಕೊಟ್ರೂ ನಾನು ಹಾಕಲ್ಲ!"

"ಆಯ್ತು, ಅಕ್ಕಂದೇ," ಅಂದರು ಅತ್ತೆ. "ನೀರು ಖಾಲಿ ಆಗಿದೆ. ಬಾಟಲಿ ತುಂಬಿಸ್ಕೊಂಡು ಬಾ ಹೋಗು."

ಚಿಕ್ಕವಳು ಆ ಕಡೆ ಹೋದಳು. ಅತ್ತೆ ಮೀನುಗಳ ಮೇಲಿಂದ ಕಣ್ಣು ತೆಗೆಯದೆ ಮಾತಾಡಿದರು.

"ಅಷ್ಟು ನೀಟಾಗಿ ಕತ್ತರಿಸೋ ಕತ್ತರಿ ನಮ್ಮನೇಲಿ ಒಂದೇ ಇರೋದು. ಅವತ್ತು ಮಲಗಿ ಎದ್ದು ಬಳ್ಳಿ ನೋಡಿದ್ ತಕ್ಷಣ ಗೊತ್ತಾಯ್ತು ನಂಗೆ. ಒಳ್ಳೇದಾಗುತ್ತೆ ಅಂತ ಬಾಯಿಗೆ ಬಂದಿದ್ದು ಹೇಳ್ದೆ, ಅದೃಷ್ಟಕ್ಕೆ ಹಾಗೇ ಆಯ್ತು. ನಾನು ಮನೆ ಉಳೀಲಿ ಅಂತ ಸುಳ್ಳು ಹೇಳ್ದೆ. ನೀನು ಯಾಕೆ ಹೇಳ್ದೆ, ನಿಂಗೆ ಗೊತ್ತು."

ದೊಡ್ಡವಳು ತುತ್ತು ಕೈಯಲ್ಲಿ ಹಿಡಿದು ಕೂತಳು. ಅದನ್ನು ಬಾಯಿಗೆ ಹಾಕುವ ಧೈರ್ಯ ಬರಲಿಲ್ಲ.

ವಾಪಸ್ ಬರುವ ಬಸ್ಸಿನಲ್ಲಿ ಅತ್ತೆ ಮುಂದಿನ ಸೀಟಿನಲ್ಲಿ ಕೂತರು. ಹಿಂದೆ ಇವರಿಬ್ಬರು. ಚಿಕ್ಕವಳ ಬಾಯಿಗೆ ಬಿಡುವಿರಲಿಲ್ಲ.

"ನಾಳೆ ನಂಗೂ ಕಲಿಸಿಕೊಡಿ ಅಕ್ಕಾ. ಕುಡಿ ಎಲ್ಲಿ ಕತ್ತರಿಸ್ಬೇಕು? ಎಷ್ಟು ಎಲೆ ಬಿಟ್ಟು?"

ದೊಡ್ಡವಳಿಗೆ ಏನು ಗೊತ್ತು? ಸಿಟ್ಟು ಎಲ್ಲಿ ಕಂಡಿತ್ತೋ ಅಲ್ಲಿ ಕತ್ತರಿಸಿದ್ದಳು. "ನೋಡೋಣ, ಹೇಳ್ತೀನಿ," ಅಂದಳು. ಗೆದ್ದಿದ್ದಳು, ಕೈಗುಣ ಕೈಗೆ ಬಂದಿತ್ತು, ಆದರೂ ಪಕ್ಕದಲ್ಲಿ ಕೂತವಳು ಒಂದೊಂದು ಸಲ "ಅಕ್ಕಾ" ಅಂದಾಗಲೂ ಒಳಗೆ ಏನೋ ಚುಚ್ಚುತ್ತಿತ್ತು. ಎರಡು ಸ್ಟಾಪು ತಡೆದುಕೊಂಡಳು. ಮೂರನೆಯದಕ್ಕೆ ತಡೆಯಲಾಗಲಿಲ್ಲ.

"ನಿಂಗೋಸ್ಕರ ಅಲ್ಲ ಕಣೇ," ಅಂದಳು. "ನಿನ್ನ ಬಳ್ಳಿ ಹಾಳಾಗಲಿ ಅಂತ ಕತ್ತರಿಸಿದೆ. ಹೊಟ್ಟೆಕಿಚ್ಚಿಗೆ ಕತ್ತರಿಸಿದೆ."

ಮುಂದಿನ ಸೀಟಿನಲ್ಲಿ ಅತ್ತೆಯ ತಲೆ ಅಲ್ಲಾಡದೆ ನಿಂತಿತು.

ಚಿಕ್ಕವಳು ಒಂದು ಕ್ಷಣ ಅವಳ ಮುಖ ನೋಡಿದಳು. ಆಮೇಲೆ ನಗತೊಡಗಿದಳು. ಬಸ್ಸಿನವರೆಲ್ಲ ತಿರುಗಿ ನೋಡುವ ಹಾಗೆ, ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಯ್ಯೋ ಅಕ್ಕಾ! ಹೊಗಳಿಸ್ಕೊಳ್ಳೋಕೆ ನಾಚಿಕೆ ಆದ್ರೆ ಇಂಥ ಸುಳ್ಳು ಹೇಳೋದಾ? ಯಾರಾದ್ರೂ ನಂಬೋ ಹಾಗಾದ್ರೂ ಹೇಳ್ಬಾರ್ದಾ!"

"ನಿಜ ಕಣೇ."

"ಸಾಕು ಸುಮ್ನಿರಿ, ನಂಗೆ ನಗು ತಡ್ಕೊಳ್ಳೋಕಾಗಲ್ಲ."

ನಕ್ಕು ನಕ್ಕು ಸುಸ್ತಾಗಿ ಅವಳು ದೊಡ್ಡವಳ ಹೆಗಲಿಗೆ ತಲೆಯಿಟ್ಟಳು. ಬಸ್ಸು ತಿರುವು ದಾಟುವುದರೊಳಗೆ ನಿದ್ದೆಯೂ ಹೋದಳು. ಕೆಟ್ಟದ್ದನ್ನು ಕೈಹಿಡಿದು ಕರೆತಂದು ಬಾಗಿಲಲ್ಲಿ ನಿಲ್ಲಿಸಿದರೂ ಒಳಗೆ ಬಿಟ್ಟುಕೊಳ್ಳದ ಮನಸ್ಸು ಅವಳದ್ದು. ಅಂಥದ್ದು ತನಗೆ ಯಾಕೆ ಬರಲಿಲ್ಲ? ಎಲ್ಲಿ ಸಿಗುತ್ತದೆ ಅದು? ಯಾರು ಕೊಡುತ್ತಾರೆ? ಹೆಗಲ ಮೇಲಿನ ತಲೆ ಜಾರದಂತೆ ಬೆನ್ನು ನೆಟ್ಟಗೆ ಮಾಡಿ ಕೂತು, ದೊಡ್ಡವಳು ಮನೆ ಬರುವವರೆಗೂ ಹೊಟ್ಟೆ ಉರಿದುಕೊಂಡಳು. ಸೌತೆಕಾಯಿಗೂ ಅವಳಿಗೆ ಇಷ್ಟು ಉರಿದಿರಲಿಲ್ಲ.